ಗಲ್ಲು ಕೇಳುವ ಮೊದಲು ನಾವು ಕೇಳಬೇಕಾದದ್ದು

ಎಲ್ಲಾದರೂ ಒಂದು ಕೊಲೆ ನಡೆದ ಸುದ್ದಿ ಬಂತೆಂದರೆ ಅರ್ಧ ಗಂಟೆಯೊಳಗೆ ನಮ್ಮ ಮೊಬೈಲುಗಳಲ್ಲಿ ಎರಡು ಪ್ರಶ್ನೆಗಳು ಓಡಾಡತೊಡಗುತ್ತವೆ. ಮಾಡಿದವನ ಹೆಸರೇನು? ಅವನನ್ನು ಗಲ್ಲಿಗೆ ಹಾಕೋದು ಯಾವಾಗ? ಸತ್ತವರ ಮನೆಯಲ್ಲಿ ಇನ್ನು ಯಾರಿದ್ದಾರೆ, ಅವರಿಗೆ ಮೊದಲೇ ಬೆದರಿಕೆ ಇತ್ತೇ, ಇದ್ದರೆ ಯಾರ ಹತ್ತಿರ ಹೇಳಿಕೊಂಡಿದ್ದರು ಎಂದು ಕೇಳುವವರು ಕಡಿಮೆ. ಮೊದಲ ಪ್ರಶ್ನೆ ನಮ್ಮನ್ನು ಭಯಪಡಿಸುತ್ತದೆ. ಹೆಸರು ನಮ್ಮದಾಗಿದ್ದರೆ ಇಡೀ ಸಮುದಾಯ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ ಎಂಬುದು ನಮಗೆ ಗೊತ್ತು. ಆ ಭಯದಿಂದಲೇ ಎರಡನೇ ಪ್ರಶ್ನೆಯನ್ನು ನಾವು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಕೇಳತೊಡಗಿದ್ದೇವೆ.

ಕರಾವಳಿ ಬಿಟ್ಟು ಬಂದು ಗದಗ ಹತ್ತಿರದ ಮುಳಗುಂದದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿರುವ ನಮಗೆ 2024ರ ಏಪ್ರಿಲ್ ತಿಂಗಳು ಇನ್ನೂ ಮರೆತಿಲ್ಲ. ದಾವಲ್ ಮಲಿಕ್ ದರ್ಗಾಕ್ಕೆ ಹಿಂದೂ ಮುಸ್ಲಿಮ್ ಅನ್ನದೆ ಜನ ಬರುವ ಊರು ಇದು. ಆ ತಿಂಗಳ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಒಬ್ಬ ವಿದ್ಯಾರ್ಥಿನಿಯ ಕೊಲೆಯಾಯಿತು. ಆರೋಪಿಯ ಹೆಸರು ನಮ್ಮ ಸಮುದಾಯದ್ದು. ಮರುದಿನ, 19ರ ಬೆಳಗಿನ ಜಾವ, ಗದಗ-ಬೆಟಗೇರಿಯಲ್ಲಿ ಒಂದೇ ಮನೆಯಲ್ಲಿ ನಾಲ್ವರು ಹತರಾದರು. ಮನೆಯವರೇ ಸುಪಾರಿ ಕೊಟ್ಟಿದ್ದರೆಂದು ಪೊಲೀಸರು ಹೇಳಿದರು. ಬಂಧಿತರಲ್ಲಿ ನಮ್ಮವರ ಹೆಸರುಗಳೂ ಇದ್ದವು. ಇದನ್ನು ಮುಚ್ಚಿಡಬೇಕಾಗಿಲ್ಲ. ಧಾರವಾಡದಲ್ಲಿ ಮುಸ್ಲಿಮರು ಅಂಗಡಿ ಮುಚ್ಚಿ ಆ ಹೆಣ್ಣುಮಗಳಿಗಾಗಿ ಬೀದಿಗಿಳಿದರು. ಅದು ಮೆಚ್ಚತಕ್ಕ ಕೆಲಸವೇ. ಆ ವಾರ ನಮ್ಮ ಮದ್ರಸದಲ್ಲಿ ಒಬ್ಬ ಹುಡುಗ ಕೇಳಿದ: 'ಉಸ್ತಾದ್, ಅವ್ರನ್ನ ಗಲ್ಲಿಗೆ ಹಾಕಿದ್ರೆ ಇನ್ಮೇಲೆ ಯಾರೂ ಕೊಲೆ ಮಾಡಲ್ಲ, ಹೌದಾ?' ನಾವು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಉತ್ತರ ಇಂದು ಬರೆಯುತ್ತಿದ್ದೇವೆ.

ಹುಡುಗನ ಪ್ರಶ್ನೆಗೆ ಮೊದಲ ಉತ್ತರವನ್ನು ಹುಬ್ಬಳ್ಳಿಯೇ ಕೊಟ್ಟಿತು. ಇಡೀ ರಾಜ್ಯ ಗಲ್ಲು ಗಲ್ಲು ಎಂದು ಕೂಗಿ ಒಂದು ತಿಂಗಳೂ ತುಂಬಿರಲಿಲ್ಲ. ಮೇ 15ರ ಬೆಳಿಗ್ಗೆ ಅದೇ ನಗರದಲ್ಲಿ ಇನ್ನೊಬ್ಬ ಯುವತಿಯನ್ನು ಅವಳ ಮನೆಯೊಳಗೇ ಇರಿದು ಕೊಲ್ಲಲಾಯಿತು. ಈ ಸಲದ ಆರೋಪಿ ನಮ್ಮವನಲ್ಲ ಎಂದು ನಿಟ್ಟುಸಿರು ಬಿಟ್ಟವರು ನಮ್ಮಲ್ಲೂ ಇದ್ದರು. ಆದರೆ ಆ ನಿಟ್ಟುಸಿರಿನಲ್ಲಿ ನಿಜವಾದ ಸಂಗತಿ ಮರೆತುಹೋಯಿತು. ತಮಗೆ ಬೆದರಿಕೆ ಇದೆ ಎಂದು ಆ ಮನೆಯವರು ಮೊದಲೇ ಪೊಲೀಸರಿಗೆ ತಿಳಿಸಿದ್ದರೆಂದೂ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲವೆಂದೂ ಹೊರಬಂತು. ಪೊಲೀಸ್ ಅಧಿಕಾರಿಗಳ ಅಮಾನತೂ ಆಯಿತು. ಹಿಂದಿನ ಕೊಲೆಗೆ ಎದ್ದ ಗಲ್ಲಿನ ಕೂಗು ಆ ಹುಡುಗಿಯನ್ನು ಕಾಪಾಡಲಿಲ್ಲ. ಅಜ್ಜಿಯ ಒಂದು ದೂರನ್ನು ಠಾಣೆಯಲ್ಲಿ ಸರಿಯಾಗಿ ಕೇಳಿಸಿಕೊಂಡಿದ್ದರೆ ಬಹುಶಃ ಕಾಪಾಡುತ್ತಿತ್ತು.

ಇನ್ನು ನಮ್ಮ ಗದಗ ಜಿಲ್ಲೆಯದ್ದೇ ಒಂದು ತೀರ್ಪು ನೋಡಿ. 2019ರ ನವೆಂಬರಿನಲ್ಲಿ ಗಜೇಂದ್ರಗಡ ಹತ್ತಿರದ ಲಕ್ಕಲಕಟ್ಟಿಯಲ್ಲಿ ಜಾತಿ ಮೀರಿ ಮದುವೆಯಾದ ಗಂಡ ಹೆಂಡತಿಯನ್ನು ಹುಡುಗಿಯ ಕಡೆಯವರೇ ಕೊಂದರು. 2025ರ ಜನವರಿಯಲ್ಲಿ ಗದಗ ಜಿಲ್ಲಾ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ಇದಕ್ಕಿಂತ ಕಠಿಣವಾದ ಎಚ್ಚರಿಕೆ ಬೇರೆ ಬೇಕೇ? ಆದರೆ ಅದೇ ವರ್ಷ ಡಿಸೆಂಬರಿನಲ್ಲಿ, ಪಕ್ಕದ ಹುಬ್ಬಳ್ಳಿ ತಾಲೂಕಿನ ಇನಾಂ ವೀರಾಪುರದಲ್ಲಿ, ದಲಿತ ಯುವಕನನ್ನು ಮದುವೆಯಾಗಿದ್ದ ತುಂಬು ಗರ್ಭಿಣಿಯ ಕೊಲೆಯಾಯಿತು. ಆರೋಪ ಬಂದದ್ದು ಹೆತ್ತ ತಂದೆಯ ಮೇಲೆ. ಗದಗದ ತೀರ್ಪು ಈ ಸೀಮೆಯ ಪೇಪರುಗಳಲ್ಲೆಲ್ಲ ಬಂದ ಸುದ್ದಿ. ಆದರೂ ಇನ್ನೊಂದು ಕೊಲೆ ತಪ್ಪಲಿಲ್ಲ. ಮರ್ಯಾದೆಯ ಹೆಸರಿನಲ್ಲಿ ಕತ್ತಿ ಎತ್ತುವವನು ತಾನು ತಪ್ಪು ಮಾಡುತ್ತಿದ್ದೇನೆ ಅಂದುಕೊಳ್ಳುವುದಿಲ್ಲ. ಸುಪಾರಿ ತೆಗೆದುಕೊಳ್ಳುವವನು ಸಿಕ್ಕಿಬೀಳುವುದಿಲ್ಲ ಅಂದುಕೊಳ್ಳುತ್ತಾನೆ. ಸಿಟ್ಟಿನಲ್ಲಿ, ಅಮಲಿನಲ್ಲಿ ಹೊಡೆಯುವವನಿಗೆ ಅಂದುಕೊಳ್ಳುವಷ್ಟು ಹೊತ್ತೇ ಇರುವುದಿಲ್ಲ. ಹಾಗಾದರೆ ಗಲ್ಲಿನ ಹಗ್ಗ ಹೆದರಿಸುವುದು ಯಾರನ್ನು?

ನಮ್ಮ ಕರಾವಳಿಗೆ ಬನ್ನಿ. ಇಲ್ಲಿ ಸತ್ತವರ ಹೆಸರು ಬರೆದು ಅವರ ಉಮ್ಮಂದಿರ, ತಾಯಂದಿರ ಗಾಯ ಕೆದಕುವುದು ಬೇಡ. ಊರುಗಳ ಹೆಸರು ಹೇಳಿದರೆ ಸಾಕು, ಓದುಗರಿಗೆ ಗೊತ್ತಾಗುತ್ತದೆ. 2022ರ ಜುಲೈ ತಿಂಗಳೊಂದರಲ್ಲೇ ಬೆಳ್ಳಾರೆಯಲ್ಲಿ ಎರಡು, ಸುರತ್ಕಲ್‌ನಲ್ಲಿ ಒಂದು. 2025ರ ಏಪ್ರಿಲ್ 27ರಂದು ಮಂಗಳೂರಿನ ಕುಡುಪು. ಮೇ 1ರಂದು ಬಜಪೆ. ಮೇ 27ರಂದು ಬಂಟ್ವಾಳದ ಕೊಳತ್ತಮಜಲು. ಬಜಪೆಯಲ್ಲಿ ಕೊಲೆಯಾದವನು ಸುರತ್ಕಲ್ ಕೊಲೆಯ ಆರೋಪಿ. ಮೂರು ವರ್ಷವಾಗುತ್ತ ಬಂದರೂ ಆ ಪ್ರಕರಣ ಮುಗಿದಿರಲಿಲ್ಲ, ಆತ ಜಾಮೀನಿನ ಮೇಲೆ ಹೊರಗಿದ್ದ. ಕೋರ್ಟು ತಡ ಮಾಡಿದಾಗ ಬೀದಿ ತೀರ್ಪು ಕೊಡುತ್ತದೆ. ಬೀದಿಯ ತೀರ್ಪಿಗೆ ಮತ್ತೆ ಮೇಲ್ಮನವಿ ಬೀದಿಯಲ್ಲೇ. ಕೊನೆಗೆ ಅದರ ಬೆಲೆ ತೆತ್ತದ್ದು ಕೊಳತ್ತಮಜಲಿನಲ್ಲಿ ಪಿಕಪ್ ಓಡಿಸಿ ಹೊಟ್ಟೆ ಹೊರೆಯುತ್ತಿದ್ದ, ಯಾರ ಜಗಳಕ್ಕೂ ಹೋಗದ ಒಬ್ಬ ಮಸೀದಿ ಕಾರ್ಯದರ್ಶಿ.

ಕುಡುಪು ಘಟನೆಯಲ್ಲಿ ಇನ್ನೊಂದು ಪಾಠವಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನಲ್ಲಿ ಗುಂಪು ಹತ್ಯೆಗೇ ಬೇರೆ ಉಪಕಲಮು ಇದೆ. ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ ಮುಂತಾದ ಕಾರಣಕ್ಕೆ ಕೊಂದರೆ ಮರಣದಂಡನೆ ಅಥವಾ ಜೀವಾವಧಿ. ಅಂದರೆ ಕುಡುಪಿನ ಮೈದಾನದಲ್ಲಿ ಕೇರಳದ ಆ ವ್ಯಕ್ತಿಯನ್ನು ಹೊಡೆದು ಕೊಂದಾಗ ಗಲ್ಲಿನ ಕಾನೂನು ಜಾರಿಯಾಗಿ ಹತ್ತು ತಿಂಗಳಾಗಿತ್ತು. ಅದು ಯಾರ ಕೈಯನ್ನೂ ತಡೆಯಲಿಲ್ಲ. ಅಷ್ಟೇ ಅಲ್ಲ, ಪೊಲೀಸರು ಮೊದಲು ಅದನ್ನು ಅಸಹಜ ಸಾವು ಎಂದೇ ದಾಖಲಿಸಿದ್ದರು. ಆಮೇಲೆ ಕೊಲೆ ಕೇಸು ಆಯಿತು, ಬಂಧನಗಳಾದವು, ಪೊಲೀಸರ ಅಮಾನತೂ ಆಯಿತು. ಕಾನೂನಿನ ಪುಸ್ತಕದಲ್ಲಿ ಗಲ್ಲು ಇದ್ದು, ಠಾಣೆಯ ಪುಸ್ತಕದಲ್ಲಿ ಕೊಲೆಯೇ ಇಲ್ಲದಿದ್ದರೆ ಏನು ಪ್ರಯೋಜನ?

ಸಯನೈಡ್ ಮೋಹನ್ ಪ್ರಕರಣ ನಮ್ಮ ಹಿರಿಯರಿಗೆ ನೆನಪಿರಬಹುದು. ಮದುವೆಯಾಗುವುದಾಗಿ ನಂಬಿಸಿ ಬಡ ಮನೆಯ 20 ಹೆಣ್ಣುಮಕ್ಕಳನ್ನು ಕೊಂದವನು ಅವನು. ಬೇರೆ ಬೇರೆ ಊರಿನ ಬಸ್ ನಿಲ್ದಾಣಗಳಲ್ಲಿ ಒಂದೊಂದೇ ಶವ ಸಿಗುತ್ತಿತ್ತು. ಒಂದು ಊರಿನ ಠಾಣೆಯಲ್ಲಿ ಗುರುತು ಸಿಗದ ಸಾವು, ಇನ್ನೊಂದು ಊರಿನ ಠಾಣೆಯಲ್ಲಿ ಕಾಣೆಯಾದ ಹುಡುಗಿ. ಎರಡನ್ನೂ ಜೋಡಿಸಿ ನೋಡುವವರಿರಲಿಲ್ಲ. 2009ರಲ್ಲಿ ಬಂಟ್ವಾಳ ಕಡೆಯ ಒಬ್ಬ ಹುಡುಗಿ ಕಾಣೆಯಾಗಿ ಅವಳ ಸಮುದಾಯದವರು ಠಾಣೆ ಮುಂದೆ ಗಲಾಟೆ ಮಾಡಿದ ಮೇಲಷ್ಟೇ ತನಿಖೆ ಬಿರುಸಾಯಿತು. ಮೊದಲಿಗೆ ಗುಮಾನಿ ಬಿದ್ದದ್ದು ಒಬ್ಬ ಮುಸ್ಲಿಮ್ ಹುಡುಗನ ಮೇಲೆ ಎಂಬುದನ್ನೂ ನಾವು ಮರೆಯಬಾರದು. ಆ ಗುಮಾನಿಯಲ್ಲೇ ಕೇಸು ಮುಗಿಸಿ ಯಾರನ್ನೋ ಗಲ್ಲಿಗೆ ಕಳಿಸಿದ್ದರೆ ಏನಾಗುತ್ತಿತ್ತು? ಕೊಂದವನು ಇನ್ನೂ ಕೊಲ್ಲುತ್ತಲೇ ಇರುತ್ತಿದ್ದ. ಅವನು ಕೊಲ್ಲುತ್ತಿದ್ದ ವರ್ಷಗಳುದ್ದಕ್ಕೂ ನಮ್ಮ ದೇಶದಲ್ಲಿ ಮರಣದಂಡನೆ ಇತ್ತು. ಅವನನ್ನು ನಿಲ್ಲಿಸಿದ್ದು ಕೈಕೋಳ.

'ಗಲ್ಲು ಕಾಗದದಲ್ಲಿ ಮಾತ್ರ ಇದೆ ಉಸ್ತಾದ್, ಹತ್ತು ಜನರನ್ನು ನಿಜವಾಗಿ ಹಾಕಿ ನೋಡಿ, ಆಗ ಗೊತ್ತಾಗ್ತದೆ' ಎನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕದೆ ಕೇಳೋಣ. ನಿಜ, 2004ರಿಂದ ಇಲ್ಲಿಯ ತನಕ ನಮ್ಮ ದೇಶದಲ್ಲಿ ನೇಣಿಗೇರಿದವರು ಎಂಟು ಮಂದಿ. ಕೊನೆಯ ನಾಲ್ವರು ದೆಹಲಿ ನಿರ್ಭಯಾ ಪ್ರಕರಣದವರು, 2020ರ ಮಾರ್ಚ್ 20ರಂದು. ನಮ್ಮ ರಾಜ್ಯದಲ್ಲಿ ನೇಣು ಹಾಕುವ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ 1983ರ ನಂತರ ಯಾರನ್ನೂ ಹಾಕಿಲ್ಲ. 2022 ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಹಾಗಾದರೆ ಹೆಚ್ಚು ಜನರನ್ನು ಹಾಕಿದ್ದರೆ ಕೊಲೆ ಕಡಿಮೆಯಾಗುತ್ತಿತ್ತೇ?

ಇದಕ್ಕೆ ನಮ್ಮ ನೆರೆಯಲ್ಲೇ ಒಂದು ಹಳೆಯ ಲೆಕ್ಕವಿದೆ. ತಿರುವಾಂಕೂರು ಸಂಸ್ಥಾನ 1944ರಲ್ಲಿ ಮರಣದಂಡನೆಯನ್ನು ರದ್ದು ಮಾಡಿತ್ತು. ಗಲ್ಲು ಇಲ್ಲದಿದ್ದ 1945ರಿಂದ 1950ರ ಅವಧಿಯಲ್ಲಿ ಅಲ್ಲಿ ನಡೆದ ಕೊಲೆಗಳು 962. ಮತ್ತೆ ಗಲ್ಲು ಬಂದ ನಂತರದ ಐದು ವರ್ಷಗಳಲ್ಲಿ 967. ಗಲ್ಲು ತೆಗೆದಾಗ ರಕ್ತದ ಹೊಳೆ ಹರಿಯಲಿಲ್ಲ, ಹಾಕಿದಾಗ ಶಾಂತಿ ನೆಲೆಸಲೂ ಇಲ್ಲ. ನ್ಯಾಯಮೂರ್ತಿ ಎ.ಪಿ. ಶಾ ಅವರ ಅಧ್ಯಕ್ಷತೆಯ ಕೇಂದ್ರ ಕಾನೂನು ಆಯೋಗ 2015ರ ತನ್ನ 262ನೇ ವರದಿಯಲ್ಲಿ ಇದೇ ಮಾತು ಹೇಳಿತು. ಜೀವಾವಧಿ ಶಿಕ್ಷೆಗಿಂತ ಗಲ್ಲು ಹೆಚ್ಚು ಹೆದರಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ಹೇಳಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಪ್ರಕರಣಗಳನ್ನು ಬಿಟ್ಟು ಉಳಿದೆಲ್ಲದಕ್ಕೂ ಮರಣದಂಡನೆ ತೆಗೆಯಲು ಶಿಫಾರಸು ಮಾಡಿತು.

ಆಯೋಗ ಬಿಟ್ಟುಕೊಟ್ಟ ಆ ಭಯೋತ್ಪಾದನೆಯ ಬಾಗಿಲಿನಿಂದಲೇ ಒಳಗೆ ಹೋದ ನಮ್ಮವರ ಕಥೆ ಕೇಳಿ. ಗುಜರಾತಿನ ಅಕ್ಷರಧಾಮ ದಾಳಿಯ ಪ್ರಕರಣದಲ್ಲಿ ಕೆಳಗಿನ ನ್ಯಾಯಾಲಯ ಮೂವರಿಗೆ ಗಲ್ಲು ವಿಧಿಸಿತ್ತು, ಹೈಕೋರ್ಟ್ ಎತ್ತಿಹಿಡಿದಿತ್ತು. ಅವರಲ್ಲಿ ಒಬ್ಬರು ಮುಫ್ತಿ ಅಬ್ದುಲ್ ಕಯ್ಯೂಮ್, ನಮ್ಮ ಹಾಗೆ ಕಿತಾಬು ಹಿಡಿದು ಬದುಕಿದವರು. 2014ರ ಮೇ 16ರಂದು ಸುಪ್ರೀಂ ಕೋರ್ಟ್ ಆ ಪ್ರಕರಣದ ಆರೂ ಮಂದಿಯನ್ನು ನಿರಪರಾಧಿಗಳೆಂದು ಬಿಟ್ಟಿತು. ಆಗ ಅವರ ಆಯುಸ್ಸಿನ ಹತ್ತು ವರ್ಷ ಜೈಲಿನಲ್ಲಿ ಕಳೆದಿತ್ತು. 2006ರ ಮುಂಬಯಿ ರೈಲು ಸ್ಫೋಟದಲ್ಲಿ ಶಿಕ್ಷೆಯಾಗಿದ್ದ ಹನ್ನೆರಡು ಮಂದಿಯನ್ನೂ 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಖುಲಾಸೆ ಮಾಡಿತು. ಐವರಿಗೆ ಗಲ್ಲಾಗಿತ್ತು. ಆ ಐವರಲ್ಲಿ ಒಬ್ಬರು ಈ ತೀರ್ಪು ಕೇಳುವ ನಾಲ್ಕು ವರ್ಷ ಮೊದಲೇ ಜೈಲಿನಲ್ಲಿ ತೀರಿಕೊಂಡಿದ್ದರು. ಮುಸ್ಲಿಮರಿಗಷ್ಟೇ ಹೀಗಾಗುತ್ತದೆ ಎಂದೂ ತಿಳಿಯಬೇಡಿ. ಮಹಾರಾಷ್ಟ್ರದ ಆರು ಮಂದಿ ಅಲೆಮಾರಿ ಬಡವರಿಗೆ 2009ರಲ್ಲಿ ಗಲ್ಲು ವಿಧಿಸಿದ್ದ ಸುಪ್ರೀಂ ಕೋರ್ಟೇ 2019ರಲ್ಲಿ ತನ್ನ ತಪ್ಪು ಒಪ್ಪಿಕೊಂಡು ಬಿಡುಗಡೆ ಮಾಡಿತು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಹೊರತಂದ ವರದಿ ನೋಡಿದರೆ ಗಲ್ಲು ಶಿಕ್ಷೆಯ ಕೈದಿಗಳಲ್ಲಿ ನಾಲ್ಕರಲ್ಲಿ ಮೂರರಷ್ಟು ಜನ ಬಡತನದವರು. ಕೆಳಗಿನ ಕೋರ್ಟು ಕೊಟ್ಟ ಮರಣದಂಡನೆಗಳಲ್ಲಿ ಕೊನೆಯ ತನಕ ಉಳಿಯುವುದು ಶೇ. 5ಕ್ಕೂ ಕಡಿಮೆ. ಒಳ್ಳೆಯ ವಕೀಲರನ್ನು ಹಿಡಿಯಲು ದುಡ್ಡಿರುವವನು ಗಲ್ಲಿನ ತನಕ ಹೋಗುವುದಿಲ್ಲ. ಬೇಗ ಬೇಗ ಹಾಕಿಬಿಡಿ ಎಂದು ನಾವು ಕೂಗಿದ್ದರೆ ಮುಫ್ತಿ ಸಾಹೇಬರು ಇಂದು ಮನೆಯಲ್ಲಿ ಇರುತ್ತಿರಲಿಲ್ಲ.

ಈಗ ನಮ್ಮ ಮನೆಗಳಲ್ಲಿ ಕೇಳಿಬರುವ ಇನ್ನೊಂದು ಮಾತು: 'ಜೀವಕ್ಕೆ ಜೀವ ಅಂತ ದೀನ್‌ನಲ್ಲೇ ಇದೆ, ನೀವು ಉಸ್ತಾದರಾಗಿ ಅದಕ್ಕೆ ವಿರುದ್ಧ ಹೇಳ್ತೀರಾ?' ವಿರುದ್ಧ ಹೇಳುವುದಿಲ್ಲ. ಕಿಸಾಸ್ ಇದೆ. ಅದರಲ್ಲಿ ಜೀವನವಿದೆ ಎಂದು ಅಲ್ಲಾಹನೇ ಹೇಳಿದ್ದಾನೆ. ಆದರೆ ಅದನ್ನು ಅರ್ಧ ಓದಬಾರದು. ಅಲ್‌ಬಕರ ಅಧ್ಯಾಯದಲ್ಲಿ ಕಿಸಾಸ್‌ನ ವಚನದೊಳಗೇ ಕ್ಷಮೆಯ ಮಾತೂ, ಪರಿಹಾರಧನದ ಮಾತೂ ಇದೆ. ಕೊಂದವನನ್ನು ಅಲ್ಲಿ ಸತ್ತವನ ವಾರಸುದಾರರ ಸಹೋದರ ಎಂದೇ ಕರೆಯಲಾಗಿದೆ. ಅಲ್‌ಮಾಇದದಲ್ಲಿ ಹಕ್ಕು ಬಿಟ್ಟುಕೊಡುವವನಿಗೆ ಅದು ಪಾಪಪರಿಹಾರ ಎಂದಿದೆ. ನಾವು ಓದುವ ಶಾಫಿಈ ಕಿತಾಬುಗಳಲ್ಲಿ ಕಿಸಾಸ್‌ಗೆ ಆರೋಪಿಯ ತಪ್ಪೊಪ್ಪಿಗೆ ಬೇಕು, ಇಲ್ಲವೇ ನಂಬಿಕೆಗೆ ಅರ್ಹರಾದ ಇಬ್ಬರು ಕಣ್ಣಾರೆ ಕಂಡ ಸಾಕ್ಷಿಗಳು ಬೇಕು. ಸಂಶಯ ಬಂದರೆ ದಂಡನೆ ನಿಲ್ಲಬೇಕು, ಶಿಕ್ಷೆ ಕೊಡುವುದರಲ್ಲಿ ತಪ್ಪುವುದಕ್ಕಿಂತ ಕ್ಷಮಿಸುವುದರಲ್ಲಿ ತಪ್ಪುವುದು ಮೇಲು ಎಂಬುದು ಉಲಮಾಗಳು ನಮಗೆ ಕಲಿಸಿದ ಪಾಠ. ಸಂತ್ರಸ್ತರ ಮನೆಯವರಿಗೆ ಕ್ಷಮಿಸುವ ಹಕ್ಕೇ ಇಲ್ಲದ, ಬಡವನ ಪರ ಗಟ್ಟಿ ವಕೀಲನಿಲ್ಲದ ವ್ಯವಸ್ಥೆಯ ಗಲ್ಲನ್ನು ಕಿಸಾಸ್ ಎಂದು ಕರೆದರೆ ಕಿಸಾಸ್‌ಗೇ ಅನ್ಯಾಯ ಮಾಡಿದ ಹಾಗೆ.

ಗಲ್ಫಿನಲ್ಲಿ ದುಡಿಯುವ ಮಕ್ಕಳಿರುವ ನಮ್ಮ ಮನೆಗಳಿಗೆ ಇದು ಬೇರೆಯಾಗಿಯೂ ಗೊತ್ತು. ಸೌದಿಯಲ್ಲಿ ಕೈತಪ್ಪಿನಿಂದ ಒಬ್ಬ ಹುಡುಗನ ಸಾವಿಗೆ ಕಾರಣನಾಗಿ ಗಲ್ಲು ಶಿಕ್ಷೆಗೆ ಗುರಿಯಾದ ಕಲ್ಲಿಕೋಟೆಯ ಚಾಲಕನಿಗಾಗಿ 2024ರ ಏಪ್ರಿಲಿನಲ್ಲಿ ಸುಮಾರು 34 ಕೋಟಿ ರೂಪಾಯಿ ಕೂಡಿಬಂತು. ಕೊಟ್ಟವರಲ್ಲಿ ಎಲ್ಲ ಧರ್ಮದವರಿದ್ದರು. ಜುಲೈನಲ್ಲಿ ಮರಣದಂಡನೆ ರದ್ದಾಯಿತು. 2025ರ ಜುಲೈ 16ಕ್ಕೆ ಯಮನ್‌ನಲ್ಲಿ ಗೊತ್ತಾಗಿದ್ದ ಪಾಲಕ್ಕಾಡಿನ ನರ್ಸ್ ಒಬ್ಬರ ಮರಣದಂಡನೆ ಮುಂದಕ್ಕೆ ಹೋದಾಗ ಅದರ ಹಿಂದೆ ಕಾಂತಪುರಂ ಎ.ಪಿ. ಅಬೂಬಕರ್ ಮುಸ್ಲಿಯಾರರ ಪ್ರಯತ್ನವೂ ಇತ್ತು. ಆಕೆ ಮುಸ್ಲಿಮಳಲ್ಲ. ಸತ್ತವರ ಮನೆಯವರು ಕ್ಷಮಿಸಲು ಒಪ್ಪದಿದ್ದರೆ ಅದೂ ಅವರ ಹಕ್ಕೇ, ಅವರ ನೋವು ಸಣ್ಣದಲ್ಲ. ಆದರೆ ಗಡಿಯಾಚೆಯ ಒಂದು ಜೀವಕ್ಕಾಗಿ ಎರಡೂ ಕೈ ಎತ್ತಿ ದುಆ ಮಾಡಿದ ನಾವು, ಗಡಿಯೊಳಗಿನ ಜೀವದ ಮಾತು ಬಂದಾಗ ಹಗ್ಗ ತನ್ನಿ ಅನ್ನುವುದು ಹೇಗೆ?

ಹಾಗಂತ ಅಪರಾಧಿಯನ್ನು ಸುಮ್ಮನೆ ಬಿಟ್ಟುಬಿಡಿ ಅಂತ ನಾವು ಹೇಳುತ್ತಿಲ್ಲ. ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ, 2008ರಲ್ಲಿ, ಸುಪ್ರೀಂ ಕೋರ್ಟ್ ಬೇರೊಂದು ದಾರಿ ತೋರಿಸಿತು. ಬೆಂಗಳೂರಿನಲ್ಲಿ ಹೆಂಡತಿಯನ್ನು ಮನೆಯಂಗಳದಲ್ಲೇ ಹೂತಿದ್ದ ಸ್ವಾಮಿ ಶ್ರದ್ಧಾನಂದನಿಗೆ ಗಲ್ಲಿನ ಬದಲು, ಸಾಯುವ ತನಕ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆ ಕೊಟ್ಟಿತು. ಸಮಾಜಕ್ಕೆ ರಕ್ಷಣೆಯೂ ಸಿಕ್ಕಿತು. ನಾಳೆ ಕೋರ್ಟು ತಪ್ಪಿತ್ತು ಎಂದು ತಿಳಿದುಬಂದರೆ ತಿದ್ದಿಕೊಳ್ಳುವ ದಾರಿಯೂ ಇಂಥ ಶಿಕ್ಷೆಯಲ್ಲಿ ಉಳಿಯುತ್ತದೆ. ಗಲ್ಲಿಗೆ ಹಾಕಿದ ಮೇಲೆ ಯಾವ ಪುನರ್‌ಪರಿಶೀಲನೆಯೂ ಉಪಯೋಗಕ್ಕೆ ಬಾರದು.

ಅಪರಾಧಿ ಹೆದರುವುದು ಶಿಕ್ಷೆ ಎಷ್ಟು ದೊಡ್ಡದು ಎಂಬುದಕ್ಕಲ್ಲ, ಸಿಕ್ಕಿಬೀಳುವುದು ಖಾತ್ರಿ ಎಂಬುದಕ್ಕೆ. ಆದ್ದರಿಂದ ನಮ್ಮ ಜಮಾಅತ್‌ಗಳು ಸರ್ಕಾರದ ಹತ್ತಿರ ಮನವಿ ಕೊಡುವುದಿದ್ದರೆ ಕೇಳಬೇಕಾದದ್ದು ಬೇರೆ. ಬೆದರಿಕೆಯ ದೂರು ಬಂದ ದಿನವೇ ದಾಖಲಾಗಲಿ. ಯಾವ ಠಾಣೆಗೆ ಹೋದರೂ ಎಫ್‌ಐಆರ್ ಮಾಡಲೇಬೇಕೆಂಬ ನಿಯಮ ಈಗಿನ ಹೊಸ ಕಾನೂನಿನಲ್ಲಿದೆ, ಅದು ಪಾಲನೆಯಾಗಲಿ. ಸಾಕ್ಷಿಗಳ ರಕ್ಷಣೆಗೆ 2018ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದ ಯೋಜನೆಯಿದೆ, ಅದು ಜಿಲ್ಲೆಗಳಲ್ಲಿ ಜೀವ ತಳೆಯಲಿ. ಕೊಲೆ ಪ್ರಕರಣಗಳ ವಿಚಾರಣೆ ಐದೈದು ವರ್ಷ ಎಳೆಯದಿರಲಿ. ಸಂತ್ರಸ್ತರ ಮನೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಿಗಬೇಕಾದ ಪರಿಹಾರ ಅವರು ಅಲೆದಾಡದೆ ಸಿಗಲಿ.

ಸರ್ಕಾರದಿಂದ ಕೇಳುವುದಷ್ಟೇ ಸಾಲದು, ನಮ್ಮಿಂದಲೂ ಆಗಬೇಕಾದದ್ದಿದೆ. ಒಬ್ಬ ಹುಡುಗ ತಮ್ಮ ಮಗಳ ಹಿಂದೆ ಬಿದ್ದಿದ್ದಾನೆ ಎಂದು ಯಾರಾದರೂ ತಾಯಿ ಬಂದು ಹೇಳಿದರೆ, ಹೇಳಿದವರು ಯಾವ ಧರ್ಮದವರಾದರೂ ಸರಿ, ಜಮಾಅತ್‌ನ ಇಬ್ಬರು ಹಿರಿಯರು ಆ ಹುಡುಗನ ಮನೆಗೆ ಹೋಗಬೇಕು, ಬೇಕಾದರೆ ಆ ತಾಯಿಯ ಜೊತೆ ಠಾಣೆಗೂ ಹೋಗಬೇಕು. 'ಬೇಡ' ಅಂದರೆ ಬೇಡವೇ ಎಂಬುದನ್ನು ಗಂಡುಮಕ್ಕಳಿಗೆ ಮನೆಯಲ್ಲಿ, ಮದ್ರಸದಲ್ಲಿ ಕಲಿಸಬೇಕು. ಗಾಂಜಾ, ಎಂಡಿಎಂಎ ಮಾರುವವನು ಮಸೀದಿಗೆ ಎಷ್ಟು ದೇಣಿಗೆ ಕೊಟ್ಟರೂ ಅವನಿಗೆ ಮುಂದಿನ ಸಾಲಿನಲ್ಲಿ ಮರ್ಯಾದೆ ಸಿಗಬಾರದು. ಕಣ್ಣಾರೆ ಕಂಡದ್ದನ್ನು ಕೋರ್ಟಿನಲ್ಲಿ ಹೇಳಲು ನಮ್ಮವರು ಹಿಂಜರಿಯಬಾರದು, ಆರೋಪಿ ನಮ್ಮವನೇ ಆಗಿದ್ದರೂ. ಬಂಧುಗಳ ವಿರುದ್ಧವಾದರೂ ಸತ್ಯ ಸಾಕ್ಷಿ ಹೇಳಬೇಕೆಂಬುದು ನಮಗೆ ಕುರ್‌ಆನಿನ ಆಜ್ಞೆ. ಕೊನೆಗೆ, ಕೊಲೆ ನಡೆದ ಊರಿನಲ್ಲಿ ಗಲ್ಲು ಕೇಳುವ ಮೆರವಣಿಗೆಗಿಂತ ಮೊದಲು ಸತ್ತವರ ಮನೆಯ ಬಾಗಿಲಿಗೆ ನಾವು ಹೋಗಬೇಕು. ಅಲ್ಲಿ ಫೋಟೊ ತೆಗೆಸಿಕೊಳ್ಳದೆ ಕೂತು ಬರಬೇಕು.

ಆ ಹುಡುಗನಿಗೆ ಈಗ ಉತ್ತರ ಹೇಳಬಹುದು. ಮಗೂ, ಗಲ್ಲಿಗೆ ಹಾಕಿದರೆ ಕೊಲೆ ನಿಲ್ಲೋದಿಲ್ಲ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದ ಹಾಗೆ ಅಂತ ನಾವು ನಿನಗೆ ಬಾಯಿಪಾಠ ಮಾಡಿಸಿದ್ದೇವೆ. ಅದನ್ನು ಮಾಡಬೇಕಾದದ್ದು ಕೊಲೆಗೆ ಮೊದಲು. ಹುಬ್ಬಳ್ಳಿಯ ಆ ಅಜ್ಜಿ ನಮ್ಮ ಬಾಗಿಲಿಗೆ ಬಂದು ಹೇಳಿಕೊಂಡಿದ್ದರೆ ನಾವು ಎದ್ದು ಅವರ ಜೊತೆ ಠಾಣೆಗೆ ಹೋಗುತ್ತಿದ್ದೆವೇ? ಗಲ್ಲು ಕೇಳುವ ಮೊದಲು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.